ಚಹಾ ಬಂದ ದಾರಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲ್ಲೂಕುಗಳಲ್ಲಿ ನನ್ನಷ್ಟು ಜಗಳ ಬಿಡಿಸಿದವರು ಇನ್ನೊಬ್ಬರಿಲ್ಲ. ನನ್ನಷ್ಟು ಜಗಳ ಹಚ್ಚಿದವರೂ ಇಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ಅದಕ್ಕೆ ಸಾಕ್ಷಿ ಇಲ್ಲ, ಬಿಡಿ. ಉಚಿತ ಕಾನೂನು ನೆರವಿನ ಸ್ವಯಂಸೇವಕನಾಗಿ ತಿರುಗುತ್ತ ಬಸ್ಸಿನ ಕಿಟಕಿ ಸೀಟಿನಲ್ಲೇ ನನ್ನ ಕೂದಲು ಬೆಳ್ಳಗಾಯಿತು. ಕೋರ್ಟಿನ ವರಾಂಡದಲ್ಲಿ ಕೂತು ಕೂತು ಜನ ಸೊರಗುವುದನ್ನು ನೋಡಲಾಗದೆ ನಾನೊಂದು ಪದ್ಧತಿ ತಂದೆ: ರಾಜಿ ಮಾತುಕತೆಯನ್ನು ಜಗಳದ ಜಾಗದಲ್ಲೇ ನಡೆಸುವುದು. ಮೊದಲು ನಕ್ಕರು. ಈಗ ಆ ಯೋಚನೆ ತಮ್ಮದೇ ಎನ್ನುವವರಿದ್ದಾರೆ. ನಂಬಬೇಡಿ.

ಹಡಗಲಿ ಕಡೆಯ ಒಂದು ಮಲ್ಲಿಗೆ ತೋಟದ ಕೇಸು ನನಗೆ ಬಲು ಪ್ರೀತಿಯದು. ಗಂಡ ತೀರಿಕೊಂಡ ಹೆಣ್ಣುಮಗಳ ತೋಟ. ರಸ್ತೆಗೂ ತೋಟಕ್ಕೂ ನಡುವೆ ಅವಳ ಮೈದುನನ ಮೆಕ್ಕೆಜೋಳದ ಹೊಲ. ಅದರ ಬದುವಿನ ಮೇಲಿನ ಕಾಲುದಾರಿಗೆ ಅವನು ಜಾಲಿಮುಳ್ಳು ಹಾಕಿಬಿಟ್ಟಿದ್ದ. ಹಳ್ಳ ಸುತ್ತಿ ಬಸ್ಸಿಗೆ ಬರುವಷ್ಟರಲ್ಲಿ ಅವಳ ಮೊಗ್ಗು ಬಾಯಿ ಬಿಡುತ್ತಿತ್ತು. ಅರಳಿದ ಹೂವನ್ನು ವ್ಯಾಪಾರಿಗಳು ಮೂಸಿಯೂ ನೋಡುವುದಿಲ್ಲ.

"ಈ ಸಲ ಬಗಿಹರೀಲಿಲ್ಲಂದ್ರ ಗಿಡ ಕಿತ್ತು ಒಗೀತೀನ್ರಿ, ಅಜ್ಜಾರ," ಎಂದಳು. "ನನ್ನ ಗಂಡ ಹಚ್ಚಿದ ಗಿಡ ಅವು." ಅಷ್ಟು ಹೇಳಿ ಮುಖ ತಿರುಗಿಸಿದಳು.

ಮಾತುಕತೆ ನಡೆಸಿಕೊಡುವ ವಕೀಲರಮ್ಮನನ್ನು ಬೇಕೆಂತಲೇ ಹಳ್ಳ ಸುತ್ತಿಸಿ ತೋಟಕ್ಕೆ ಕರೆದೊಯ್ದೆ. ಕೆಸರಿನಲ್ಲಿ ಅವರ ಚಪ್ಪಲಿ ಕಿತ್ತುಬಂತು.

"ಬ್ಯಾರೆ ದಾರಿ ಇಲ್ಲೇನ್ರಿ ಅಜ್ಜಾ?"

"ಇಲ್ಲಂತ್ರಿ ತಾಯಿ. ಮೈದುನ ಹಂಗ ಹೇಳ್ತಾನ."

ಮೈದುನ ಮುಳ್ಳಿನ ಆಚೆ, ತನ್ನ ಹೊಲದಲ್ಲಿ, ಕೈಕಟ್ಟಿ ನಿಂತಿದ್ದ. "ಇಲ್ಲಿ ದಾರಿ ಅನ್ನೋದ ಇದ್ದಿಲ್ರಿ. ನಮ್ಮಪ್ಪನ ಕಾಲದಾಗೂ ಇದ್ದಿಲ್ಲ."

ನಾನು ಉಸ್ಸೆಂದು ಕೂತು ಮೊಣಕಾಲು ತಿಕ್ಕಿಕೊಂಡೆ. "ಇರ್ಲಿ ಬಿಡಪ್ಪ. ಹರಪನಹಳ್ಳಿ ಕಡಿ ಹೊಲಕ್ಕ ಬಂದೋರಿಗೆ ಚಾ ಕುಡಿಸದ ಕಳಸಂಗಿಲ್ಲ. ಈ ಕಡಿ ಪದ್ಧತಿ ನಂಗೊತ್ತಿಲ್ಲ."

ಅವನ ಕಿವಿ ಕೆಂಪಾಯಿತು. ಹೊಲದಂಚಿನ ತನ್ನ ಮನೆಯತ್ತ ತಿರುಗಿ ಕೂಗಿದ, "ಏಯ್, ಚಾ ಮಾಡ್ಕಂಬಾರೇ!"

ಅವನ ಹೆಂಡತಿ ಕಿಟ್ಲಿ, ಲೋಟ ಹಿಡಿದು ಬದುವಿನ ಮೇಲೆ ನೆಟ್ಟಗೆ ಬಂದು ಮುಳ್ಳಿನ ಮುಂದೆ ನಿಂತಳು. "ತೆಗೀರಿ ಲಗೂನ, ಆರತೈತಿ."

ಅವನು ಕೋಲಿನಿಂದ ಮುಳ್ಳು ಸರಿಸಿದ. ಆಕೆ ಒಳಬಂದು, ವಕೀಲರಮ್ಮನನ್ನೂ ನನ್ನನ್ನೂ ಬಿಟ್ಟು, ಮೊದಲ ಲೋಟ ವಾರಗಿತ್ತಿಯ ಕೈಗಿಟ್ಟಳು. "ತಗ ಅಕ್ಕ. ಎಷ್ಟ್ ಸೊರಗೀದಿ."

ನಾನು ಸದ್ದು ಮಾಡಿ ಗುಟುಕರಿಸಿದೆ. "ಭಾರಿ ಬಿಸಿ ಐತಲ್ಲಪ್ಪ! ಇಲ್ಲದ ದಾರಿಗುಂಟ ಹೆಂಗ ಬಂತಿದು?"

ವಕೀಲರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಗೆದ್ದೆ ಎಂದುಕೊಂಡೆ. ಮೈದುನ ಮಾತ್ರ ಸಿಡಿದ: "ಬಂದೋರಿಗೆ ತೆಗದೀನ್ರಿ, ಆಕಿಗಲ್ಲ! ಅಣ್ಣ ಸತ್ತ ಮ್ಯಾಲ ತೋಟ ಯಾರಿಗೋ ಗುತ್ತಿಗಿ ಕೊಡಾಕ ಹೊಂಟಿದ್ಲು. ನಾ ಇದ್ದಿಲ್ಲೇನು?"

ಅವಳು ಲೋಟ ಕೆಳಗಿಟ್ಟಳು. "ನಾ ಅದೀನಿ ಅತ್ತಿಗಿ ಅಂತ ಒಂದಿನ ಬಂದು ಹೇಳಿದ್ಯೇನು? ಬಂದಾಗ ಮುಳ್ಳು ಹಿಡ್ಕಂಬಂದಿ."

ಕಿಟ್ಲಿ ಹಿಡಿದ ಹೆಂಡತಿ ಗಂಡನನ್ನೇ ದಿಟ್ಟಿಸುತ್ತಿದ್ದಳು. ಅವನು ಬಗ್ಗಿ ಮುಳ್ಳಿನ ಕಂಟಿ ಹಿಡಿದ. ಮತ್ತೆ ಹಾಕುತ್ತಾನೇನೋ ಎಂದು ನನಗೆ ದಿಗಿಲಾಯಿತು. ಅದನ್ನು ಎಳೆದುಕೊಂಡು ಹೋಗಿ ಹಳ್ಳಕ್ಕೆ ಎಸೆದ. ಬಂದು, ಅತ್ತಿಗೆಯ ಮುಖ ನೋಡದೆ, "ಗುತ್ತಿಗಿ ಗಿತ್ತಿಗಿ ಬ್ಯಾಡ. ತೋಟಕ್ಕ ನೀರು ನಾ ಕಟ್ತೀನಿ," ಎಂದ. ವಕೀಲರಮ್ಮ ಅಲ್ಲೇ ರಾಜಿ ಬರೆದು ಇಬ್ಬರ ಸಹಿ ಹಾಕಿಸಿದರು.

ಮರುದಿನ ಹೆಂಡತಿಗೆ ಏನೋ ನೆಪ ಹೇಳಿ ಹಡಗಲಿ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ. ಮೊದಲ ಬಸ್ಸಿನಿಂದ ಅವಳು ಬುಟ್ಟಿ ಇಳಿಸಿದಳು. ಒದ್ದೆ ಬಟ್ಟೆ ಎತ್ತಿ ಬಗ್ಗಿ ನೋಡಿದೆ. ಒಂದೂ ಅರಳಿರಲಿಲ್ಲ.

"ನೋಡಿದ್ಯಾ, ನನ್ನ ಕೈಗುಣ..." ಎಂದು ಶುರು ಮಾಡಿದೆ.

"ಅಜ್ಜಾರ, ಅತ್ಲಾಗ ಸರೀರಿ," ಎಂದು ಬಟ್ಟೆ ಮುಚ್ಚಿದಳು. "ನಿಮ್ಮ ಮಾತಿನ ಕಾವಿಗೆ ಅರಳ್ಯಾವು."