ಮಡಿಸುವ ಮೇಜಿನ ಹತ್ತು ಸನ್ನಿವೇಶಗಳು

ಮಣಿಪಾಲದ ಒಂದು ಮುದ್ರಣಾಲಯದಲ್ಲಿ ನಾನು ಹನ್ನೊಂದು ವರ್ಷ ಕಾಗದ ಮಡಿಸಿದೆ. ಕೆಲಸ ಇಷ್ಟೆ: ಅಚ್ಚಾಗಿ ಬಂದ ದೊಡ್ಡ ಹಾಳೆಯನ್ನು ಮೂರು ಸಲ ಮಡಿಸುವುದು, ಮಡಿಕೆಯ ಮೇಲೆ ಬಿದಿರಿನ ಪಟ್ಟಿಯಿಂದ ಉಜ್ಜುವುದು, ಹದಿನಾರು ಪುಟದ ಫಾರಂ ಆಯಿತೆಂದು ಪಕ್ಕಕ್ಕಿಡುವುದು. ಆಮೇಲೆ ಇನ್ನೊಂದು. ಸಂಜೆಯ ಹೊತ್ತಿಗೆ ಬಲಗೈ ಹೆಬ್ಬೆರಳು ನನ್ನದೋ ಬೇರೆಯವರದೋ ಎಂದು ತಿಳಿಯುತ್ತಿರಲಿಲ್ಲ. ಊರಿನವರು ಮಾತ್ರ, ದಿನವಿಡೀ ಪುಸ್ತಕಗಳ ನಡುವೆ ಇರುತ್ತಿ, ಪುಣ್ಯವಂತೆ ಎನ್ನುತ್ತಿದ್ದರು. ಆ ಪುಸ್ತಕಗಳಲ್ಲಿ ಒಂದನ್ನೂ ನಾನು ಪೂರ್ತಿ ಓದಿದವಳಲ್ಲ. ಒಂದು ಫಾರಂ ಮುಗಿದರೆ ಮತ್ತೆ ಅದೇ ಹದಿನಾರು ಪುಟ ಬರುತ್ತಿತ್ತು.

ನಮ್ಮ ಮೇಜಿನಲ್ಲಿ ನಾಲ್ಕು ಜನ. ಹೆಸರು ಹಿಡಿದು ಕರೆಯುವ ರೂಢಿ ಇರಲಿಲ್ಲ; ಯಾವ ಊರಿನಲ್ಲಿ ಬಸ್ಸು ಹತ್ತುತ್ತೇವೋ ಅದೇ ಹೆಸರು. ನಾನು ಇನ್ನಂಜೆ. ನನ್ನ ಎದುರು ಕಾರ್ಕಳದ ಬಾಯಿ, ಕ್ರೈಸ್ತ ಹೆಂಗಸರನ್ನು ನಮ್ಮಲ್ಲಿ ಹಾಗೆ ಕರೆಯುವುದು, ಗಂಡ ಗಲ್ಫಿನಲ್ಲಿ, ಮನೆಯಲ್ಲಿ ಬಣ್ಣದ ಟಿ.ವಿ. ಇದ್ದವಳು. ಪಕ್ಕದಲ್ಲಿ ಆದಿ ಉಡುಪಿಯ ಹುಡುಗಿ, ಇಪ್ಪತ್ತು ದಾಟದವಳು, ಕೂತಲ್ಲೇ ನಿದ್ದೆ ಮಾಡುವವಳು. ತುದಿಯಲ್ಲಿ ಹಿರಿಯಡ್ಕದ ಅಕ್ಕ. ಐವತ್ತರ ಆಸುಪಾಸು. ಹದಿನೆಂಟು ವರ್ಷ ಬೊಂಬಾಯಿಯಲ್ಲಿದ್ದು, ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು. ನಾವು ಮಾತಾಡಬೇಕಾದದ್ದು ತುಳುವಿನಲ್ಲಿ. ಆದರೆ ಮೇಲ್ವಿಚಾರಕರು ಘಟ್ಟದ ಮೇಲಿನವರು, ತುಳು ಬಾರದವರು, ತಮ್ಮನ್ನೇ ಬೈಯುತ್ತೇವೆಂಬ ಅನುಮಾನ ಅವರಿಗೆ. ಹಾಗಾಗಿ ಮೇಜಿನಲ್ಲಿ ಕನ್ನಡವೇ ಆಗಬೇಕೆಂದು ಅವರ ಅಪ್ಪಣೆಯಾಗಿತ್ತು. ಕನ್ನಡದಲ್ಲೂ ಅವರನ್ನು ಬೈಯುವ ದಾರಿ ನಮಗೆ ಗೊತ್ತಿತ್ತು.

ಎಂಬತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ವಾರಕ್ಕೊಮ್ಮೆ ಒಂದು ಹಿಂದಿ ಧಾರಾವಾಹಿ ಬರುತ್ತಿತ್ತು. ದೊಡ್ಡದೊಂದು ಮನೆ, ಮೂರು ಜನ ಅಣ್ಣತಮ್ಮಂದಿರು, ಅವರಿಗೊಬ್ಬಳು ತಂಗಿ, ಒಬ್ಬಳು ತಾಯಿ. ನಾವು ನಾಲ್ವರೂ ಅದರ ಹುಚ್ಚಿಗೆ ಬಿದ್ದಿದ್ದೆವು. ಆದರೆ ಒಂದೇ ಒಂದು ಕಂತನ್ನಾದರೂ ಯಾರೂ ಮೊದಲಿನಿಂದ ಕೊನೆಯ ತನಕ ನೋಡಿದ್ದಿಲ್ಲ. ಇನ್ನಂಜೆಯಲ್ಲಿ ಶುರುವಿನಲ್ಲೇ ಕರೆಂಟು ಹೋಗುತ್ತಿತ್ತು. ಕಾರ್ಕಳದಲ್ಲಿ ಕೊನೆಗೆ ಹೋಗುತ್ತಿತ್ತು. ಹಿರಿಯಡ್ಕದಲ್ಲಿ ಕರೆಂಟು ಇದ್ದ ದಿನ ಗಾಳಿಗೆ ಆಂಟೆನಾ ತಿರುಗಿ ಚಿತ್ರದ ಮೇಲೆ ಹುಳ ಹರಿಯುತ್ತಿತ್ತು. ಮರುದಿನ ಬೆಳಿಗ್ಗೆ ಮೇಜಿನಲ್ಲಿ ಅವರವರು ಕಂಡ ತುಂಡುಗಳನ್ನು ಹೇಳಿ, ನಾಲ್ಕು ಊರಿನ ತುಂಡು ಸೇರಿಸಿ ಒಂದು ಕಂತು ಮಾಡಿಕೊಳ್ಳುತ್ತಿದ್ದೆವು. ಕೈ ಫಾರಂ ಮಡಿಸುತ್ತಿತ್ತು, ನಾಲಿಗೆ ಕತೆ ಜೋಡಿಸುತ್ತಿತ್ತು.

ತೊಡಕು ಭಾಷೆಯದು. ಬಾಯಿಗೂ ಹುಡುಗಿಗೂ ಹಿಂದಿ ಬರುತ್ತಿರಲಿಲ್ಲ. ಮುಖ ನೋಡಿ, ಅಳು ಕೇಳಿ, ಹೀಗಾಗಿರಬೇಕು ಎಂದು ಊಹಿಸುತ್ತಿದ್ದರು. ಯಾರು ಏನು ಹೇಳಿದರೆಂದು ತಿಳಿಸುವ ಕೆಲಸ ಅಕ್ಕನದು, ಬೊಂಬಾಯಿಯಲ್ಲಿದ್ದವಳಲ್ಲವೇ. ಅವಳು ಬಿದಿರಿನ ಪಟ್ಟಿಯನ್ನು ಕೆಳಗಿಟ್ಟು, ಹಾಳೆ ಸರಿಮಾಡಿ, "ಆಗ ತಾಯಿ ಹೇಳ್ತಾಳೆ..." ಎಂದು ಶುರುಮಾಡಿದರೆ ಪಕ್ಕದ ಹೊಲಿಗೆ ಮೇಜಿನವರೂ ಕಿವಿ ಇತ್ತ ಕೊಡುತ್ತಿದ್ದರು. ಮೇಲ್ವಿಚಾರಕರು ಕೂಡ ಒಂದು ಸಲ ನಮ್ಮ ಬೆನ್ನ ಹಿಂದೆ ನಿಂತು, ಕತೆ ಮುಗಿದ ಮೇಲೆಯೇ ಗದರಿದ್ದುಂಟು. ಮನೆಯಲ್ಲಿ ಅವಳಿಗೆ ಯಾರೂ ಕಿವಿ ಕೊಡುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ತಮ್ಮನ ಹೆಂಡತಿ ಅವಳಿಗೆ ಬಿಟ್ಟದ್ದು ನೀರು ತರುವ ಕೆಲಸ ಮತ್ತು ಅಡಿಗೆಮನೆಯ ಮೂಲೆ. ಅವಳಿಗೆ ಒಂದು ಸ್ಥಾನ ಎಂದು ಇದ್ದರೆ ಅದು ಈ ಮೇಜಿನ ತುದಿ.

ನನಗೆ ಹಿಂದಿ ಬರುತ್ತಿತ್ತು. ಕಾಪುವಿನಲ್ಲಿ ಶಾಲೆಗೆ ಹೋಗುವಾಗ ಹಿಂದಿಯ ಎರಡು ಪರೀಕ್ಷೆ ಕಟ್ಟಿ ಪಾಸಾಗಿದ್ದೆ. ಅದನ್ನು ಮೇಜಿನಲ್ಲಿ ಯಾವತ್ತೂ ದೊಡ್ಡದು ಮಾಡಿರಲಿಲ್ಲ. ಹೇಳಿದ್ದರೆ ನಾಳೆಯಿಂದ ಅರ್ಥ ಹೇಳುವ ಕೆಲಸವೂ ನನ್ನ ತಲೆಗೇ ಬೀಳುತ್ತಿತ್ತು. ಇದ್ದ ಕೆಲಸವೇ ಸಾಕುಸಾಕಾಗಿತ್ತು. ಹಾಗೆ ಸುಮ್ಮನೆ ಕೇಳುತ್ತಾ ಕೂತವಳಿಗೆ ಎರಡನೇ ತಿಂಗಳಲ್ಲೇ ತಿಳಿಯಿತು, ಅಕ್ಕ ಹೇಳುತ್ತಿದ್ದುದರಲ್ಲಿ ಅರ್ಧ ಧಾರಾವಾಹಿಯಲ್ಲಿ ಇರಲಿಲ್ಲ.

ರೈಲು ನಿಲ್ದಾಣದ ಸನ್ನಿವೇಶ ಬಂದದ್ದು ಆಮೇಲೆ. ಮಗಳು ಗಂಡನ ಜೊತೆ ದೂರದ ಊರಿಗೆ ಹೊರಟಿದ್ದಾಳೆ, ತಾಯಿ ಕಿಟಕಿಯ ಹೊರಗೆ ನಿಂತು ಏನೋ ಹೇಳುತ್ತಾಳೆ. ಅಪರೂಪಕ್ಕೆ ಆ ವಾರ ನಾಲ್ಕೂ ಊರಿನಲ್ಲಿ ಆ ಹೊತ್ತಿಗೆ ಕರೆಂಟು ಇತ್ತು. ತಾಯಿ ಹೇಳಿದ್ದು ಇಷ್ಟು: ತಲುಪಿದ ಕೂಡಲೇ ಕಾಗದ ಹಾಕು, ಪೆಟ್ಟಿಗೆಯನ್ನು ಸೀಟಿನ ಅಡಿಯಲ್ಲಿಡು, ದಾರಿಯಲ್ಲಿ ಸಿಕ್ಕಿದ ನೀರು ಕುಡಿಯಬೇಡ. ನಾನು ನನ್ನ ಕಿವಿಯಾರೆ ಕೇಳಿದ್ದೆ. ಮರುದಿನ ಅಕ್ಕ ಹೇಳಿದ್ದೇ ಬೇರೆ.

"ತಾಯಿ ಹೇಳ್ತಾಳೆ: ದಿನಾ ಎರಡು ಹಿಡಿ ಅಕ್ಕಿ ಹೆಚ್ಚೇ ಹಾಕ್ತೇನೆ. ನೀನು ಬರಬೇಕು ಅಂತ ಇಲ್ಲ. ಉಳಿದರೆ ಮರುದಿನ ನಾನು ಉಣ್ತೇನೆ, ನನಗೆ ಅಭ್ಯಾಸ ಉಂಟು."

ಬಾಯಿ ಮಡಿಸುತ್ತಿದ್ದ ಹಾಳೆಯನ್ನು ಹಾಗೇ ಬಿಟ್ಟಳು. ಹುಡುಗಿ ಎಚ್ಚರವಾಗಿಯೇ ಇದ್ದಳು, ಅದೇ ಒಂದು ವಿಶೇಷ. ಆ ಧಾರಾವಾಹಿಯ ಮನೆಯವರು ಮೂರು ಹೊತ್ತೂ ರೊಟ್ಟಿ ತಿನ್ನುವವರು. ಅಕ್ಕಿಯ ಮಾತು ಅಲ್ಲಿ ಹೇಗೆ ಬಂತು ಎಂದು ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆದಿತ್ತು. ಆದರೂ ತಾಯಿ ಹೇಳಬೇಕಾದದ್ದು ಇದನ್ನೇ, ಪೆಟ್ಟಿಗೆಯ ಮಾತನ್ನಲ್ಲ, ಎಂದು ನನಗೆ ಅನ್ನಿಸಿತು.

ಜಗಳ ಶುರುವಾದದ್ದು ಯಾವ ಸನ್ನಿವೇಶ ಎಲ್ಲಕ್ಕಿಂತ ಒಳ್ಳೆಯದು ಎಂಬುದರಲ್ಲಿ. ವಾರಗಟ್ಟಲೆ ಅದೇ. ದುಡಿದು ಬಳಲಿದ ಹೆಂಗಸರು ಇಂಥ ವಿಷಯಕ್ಕೆ ಮಾತು ಬಿಡುತ್ತಾರೆಯೇ ಎಂದರೆ, ಬಿಡುತ್ತಾರೆ. ಬಾಯಿ ಮತ್ತು ಹುಡುಗಿ ಎರಡು ದಿನ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ತಲೆ ಚಿಟ್ಟು ಹಿಡಿದು ನಾನೇ ಒಂದು ಹಾಳಾದ ಹಾಳೆಯನ್ನು ಎಳೆದುಕೊಂಡು, ಅದರ ಬಿಳಿಯ ಬೆನ್ನಿನ ಮೇಲೆ ನಿಯಮ ಬರೆಯೋಣ ಎಂದೆ. ನಿಯಮ ಎಂದರೆ ನನಗೆ ಮೊದಲಿನಿಂದಲೂ ಆಸೆ. ಮಡಿಕೆ ಒಂದು ಎಳೆ ಓರೆಯಾದರೂ ಬಿಚ್ಚಿ ಮತ್ತೆ ಮಡಿಸುವವಳು ನಾನು.

ಪಟ್ಟಿಯಲ್ಲಿ ಹತ್ತೇ ಸನ್ನಿವೇಶ. ಹೊಸದು ಬಂದರೆ ಕೊನೆಯದು ಹೊರಗೆ. ಸನ್ನಿವೇಶ ಎಂದರೆ ಒಬ್ಬರು ಬಾಗಿಲಲ್ಲಿ ಕಾಣಿಸಿಕೊಂಡಲ್ಲಿಂದ ಜಾಗ ಬದಲಾಗುವ ತನಕ. ಇದಕ್ಕೇ ಒಂದು ಮಧ್ಯಾಹ್ನ ಹೋಯಿತು. ಅತ್ತದ್ದು ಲೆಕ್ಕಕ್ಕಿಲ್ಲ, ಏಕೆಂದರೆ ಹುಡುಗಿ ಜಾಹೀರಾತಿಗೂ ಅಳುತ್ತಿದ್ದಳು. ಕರೆಂಟು ಹೋಗಿ ನೋಡದವರು, ನೋಡಿದ ಇಬ್ಬರು ಒಂದೇ ರೀತಿ ಹೇಳಿದರೆ ಕೈ ಎತ್ತಬಹುದು. ತಮ್ಮ ಚರ್ಚಿನ, ಅಂದರೆ ಇಗರ್ಜಿಯ, ಸಮಿತಿಯಲ್ಲಿ ನಿರ್ಣಯಕ್ಕೆ ಸಹಿ ಹಾಕುತ್ತಾರೆಂದು ಬಾಯಿ ಎಲ್ಲರಿಂದಲೂ ಸಹಿ ಹಾಕಿಸಿದಳು. ಮೊದಲ ಸ್ಥಾನಕ್ಕೆ ರೈಲು ನಿಲ್ದಾಣ, ನಾಲ್ಕಕ್ಕೆ ನಾಲ್ಕು ಕೈ. ನನ್ನದೂ ಸೇರಿ. ಅಕ್ಕ ಕೈಯನ್ನು ಮೊಣಕೈ ತನಕ ಮಾತ್ರ ಎತ್ತಿದ್ದಳು.

ಮುಂದಿನ ತಿಂಗಳು ಹೆಚ್ಚುವರಿ ಕೆಲಸ ಬಿತ್ತು, ಪಠ್ಯಪುಸ್ತಕದ ಕಾಲ. ಆ ವಾರದ ಕಂತಿನಲ್ಲಿ ಕಿರಿಯ ಮಗನ ಮದುವೆಯಾಯಿತು, ಹೆಣ್ಣು ಕೆಂಪು ಸೀರೆ ಉಟ್ಟಿದ್ದಳು ಎಂದು ಹುಡುಗಿ ಆಣೆ ಹಾಕಿ ಹೇಳಿದಳು. ಬೇರೆ ಯಾರೂ ಅದನ್ನು ನೋಡಿರಲಿಲ್ಲ. ವಿಚಾರಿಸಿದರೆ, ಗೋಡೆಗೆ ಒರಗಿ ನಿದ್ದೆ ಹೋಗಿ ಕನಸು ಕಂಡಿದ್ದಾಳೆ.

"ಇದಕ್ಕೊಂದು ನಿಯಮ ಬೇಕು ಮಾರಾಯ್ತಿ," ಎಂದಳು ಬಾಯಿ ನಕ್ಕು. "ಟಿ.ವಿ.ಯಲ್ಲಿ ಇಲ್ಲದ್ದು ಪಟ್ಟಿಯಲ್ಲಿಯೂ ಇಲ್ಲ. ಬರಿ ನೀನು."

ಬರೆದೆ. ಬರೆಯುವಾಗಲೇ ಗೊತ್ತಿತ್ತು, ಈ ಸಾಲು ಅಕ್ಕನ ಕುತ್ತಿಗೆಗೆ ಬರುತ್ತದೆ ಎಂದು. ಆಗ ಏನಾದರೂ ಹೇಳಬಹುದಿತ್ತು. ಗಂಟೆ ಐದೂವರೆ, ಬಸ್ಸಿನಲ್ಲಿ ನಿಂತೇ ಹೋಗಬೇಕು, ಕಾಲು ಸೋತಿತ್ತು. ಅಕ್ಕ ಪೆನ್ನು ತೆಗೆದುಕೊಂಡು ಸ್ವಲ್ಪ ಹೊತ್ತು ಹಾಳೆಯನ್ನು ನೋಡಿ ಸಹಿ ಹಾಕಿದಳು.

ಮಳೆಗಾಲಕ್ಕೆ ಮೊದಲು ಬಾಯಿಯ ಗಂಡ ರಜೆಯಲ್ಲಿ ಬಂದರು. ವಿ.ಸಿ.ಆರ್. ತಂದಿದ್ದರು, ಜೊತೆಗೆ ಅಲ್ಲಿನ ಅಂಗಡಿಯಿಂದ ನಮ್ಮ ಧಾರಾವಾಹಿಯದೇ ಕ್ಯಾಸೆಟ್ಟು. ಭಾನುವಾರ ಊಟಕ್ಕೆ ಬನ್ನಿ, ಪಟ್ಟಿಯನ್ನೂ ತನ್ನಿ, ಮೊದಲನೆಯದನ್ನು ಇನ್ನೊಮ್ಮೆ ನೋಡುವ, ಕರೆಂಟು ಹೋದರೂ ಬಂದ ಮೇಲೆ ಮುಂದುವರಿಸಬಹುದು ಎಂದು ಬಾಯಿ ಕರೆದಳು. ಅಕ್ಕ ಬರುವುದಿಲ್ಲ, ಮನೆಯಲ್ಲಿ ಕೆಲಸ ಉಂಟು ಎಂದಳು. ಬಾಯಿ ಬಿಡಲಿಲ್ಲ. "ನೀವು ಬರದಿದ್ದರೆ ನಮಗೆ ಹೇಳುವವರು ಯಾರು?"

ಊಟಕ್ಕೆ ಇಡ್ಲಿಯಂಥ ಸಣ್ಣಾ, ಕೋಳಿ. ಅಕ್ಕ ಅರ್ಧ ಸಣ್ಣಾ ತಿಂದು ಎದ್ದಳು. ಆಮೇಲೆ ಸಿಮೆಂಟು ನೆಲದ ಮೇಲೆ ಚಾಪೆ ಹಾಕಿ ಕೂತೆವು. ರೈಲು ನಿಲ್ದಾಣ ಬಂತು, ಹುಳವಿಲ್ಲದ ಚಿತ್ರ, ತಾಯಿಯ ಸೀರೆಯ ಅಂಚು ಕೂಡ ಕಾಣುತ್ತಿತ್ತು. ಬಾಯಿ ಗಂಡನ ಕಡೆ ತಿರುಗಿ, "ಈಗ ಕೇಳಿ, ಅಕ್ಕಿಯ ಮಾತು," ಎಂದಳು.

ಅವರು ಗಲ್ಫಿನಲ್ಲಿ ಹಿಂದಿಯಲ್ಲೇ ವ್ಯವಹರಿಸುವವರು. ಕೇಳಿದರು, ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಕೇಳಿದರು. ಕೆಟ್ಟ ಮನುಷ್ಯರೇನಲ್ಲ, ಸರಿಯಾಗಿ ಹೇಳಬೇಕೆಂಬ ಆಸೆ ಅಷ್ಟೆ. "ಅಕ್ಕಿ ಅಂತ ಎಂತದೂ ಇಲ್ಲ ಅಲ್ವಾ. ಕಾಗದ ಹಾಕು, ಪೆಟ್ಟಿಗೆ ಸೀಟಿನಡಿ ಇಡು, ನೀರು ಕುಡಿಯಬೇಡ. ಅಷ್ಟೇ ಹೇಳಿದ್ದು."

ಹುಡುಗಿ ಅಕ್ಕನನ್ನು ನೋಡಿದಳು. ಬಾಯಿ ನನ್ನನ್ನು ನೋಡಿದಳು, ಪಟ್ಟಿ ಇದ್ದುದು ನನ್ನ ಚೀಲದಲ್ಲಿ. ಅಕ್ಕ ಟಿ.ವಿ.ಯನ್ನೇ ನೋಡುತ್ತಿದ್ದಳು, ಅಲ್ಲಿ ರೈಲು ಹೋಗಿಯಾಗಿತ್ತು.

ನಾನು ಹೇಳಬೇಕಿದ್ದದ್ದು ಎರಡೇ ಮಾತು. ನನಗೂ ಹಿಂದಿ ಬರುತ್ತದೆ, ನನಗೆ ಮೊದಲೇ ತಿಳಿದಿತ್ತು. ತಿಳಿದೇ ಕೈ ಎತ್ತಿದೆ, ಏಕೆಂದರೆ ಅಕ್ಕ ಹೇಳಿದ್ದೇ ಚೆನ್ನಾಗಿತ್ತು. ಹೇಳಿದ್ದರೆ ಅವಳೊಬ್ಬಳೇ ಸುಳ್ಳಿಯಾಗಿ ಕೂರಬೇಕಾಗಿರಲಿಲ್ಲ, ನಿಯಮವನ್ನು ಬೇಕಾದರೆ ಬದಲಿಸಬಹುದಿತ್ತು. ಆದರೆ ಇಷ್ಟು ದಿನ ಬಾಯಿ ಮುಚ್ಚಿಕೊಂಡು ಕೂತದ್ದಕ್ಕೆ ಎಲ್ಲರೂ ನನ್ನನ್ನು ಏನೆಂದು ತಿಳಿದಾರು ಎಂಬ ಯೋಚನೆ ಮೊದಲು ಬಂತು. ಚೀಲದಿಂದ ಹಾಳೆ ತೆಗೆದೆ. ಬಾಯಿಯ ಮಗನ ಸ್ಕೇಲು ಮತ್ತು ಕೆಂಪು ಪೆನ್ಸಿಲು ಮೇಜಿನ ಮೇಲಿದ್ದವು. ಪಟ್ಟಿಯ ಮೊದಲ ಸಾಲನ್ನು, ರೈಲು ನಿಲ್ದಾಣವನ್ನು, ಹೊಡೆದು ಹಾಕಿದೆ.

"ಸರಿ," ಎಂದಳು ಅಕ್ಕ. "ಬರೆದದ್ದು ಬರೆದ ಹಾಗೆಯೇ ಆಗಬೇಕು." ಎರಡನೆಯದನ್ನು ಮೊದಲಿಗೆ ತರುವುದೆಂದು ಬಾಯಿ ಹೇಳಿದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಅವಳೇ. ಈ ಸಲ ಪೂರ್ತಿ ಎತ್ತಿದ್ದಳು.

ಸಂಜೆಯ ಬಸ್ಸಿನಲ್ಲಿ ಹುಡುಗಿ ಮುಂದಿನ ಸೀಟಿನಲ್ಲಿ ನಿದ್ದೆ ಹೋದಳು. ನಾನು ಮತ್ತು ಅಕ್ಕ ಪಕ್ಕಪಕ್ಕ ಕೂತಿದ್ದೆವು. ಬಸ್ಸು ಬೈಲೂರು ದಾಟಿತು. ಆಮೇಲೆ ಅವಳು ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದಳು.

"ಆ ಮಾತು ಯಾರೂ ಹೇಳಲಿಲ್ಲ ಅಂತ ಅಲ್ಲ. ನಾನು ಬೊಂಬಾಯಿಗೆ ಹೊರಟಾಗ ನಮ್ಮ ಅಮ್ಮ ಹೇಳಿದ್ದು. ಹಿರಿಯಡ್ಕದಲ್ಲಿ, ಬಸ್ಸಿನ ಕಿಟಕಿಯ ಹತ್ತಿರ ನಿಂತು. ಟಿ.ವಿ.ಯಲ್ಲಿ ಆ ಹೆಂಗಸು ಬಾಯಿ ತೆರೆದ ಕೂಡಲೇ ನನಗೆ ಕೇಳಿಸಿದ್ದು ಅದೇ."

ಅವಳ ಊರು ಹತ್ತಿರ ಬಂತು, ಅವಳು ಚೀಲ ಎತ್ತಿಕೊಂಡಳು. ಏಳುವ ಮೊದಲು ನನ್ನ ಕಡೆ ತಿರುಗಿ ಕೇಳಿದಳು. "ನೀನು ಶಾಲೆಯಲ್ಲಿ ಹಿಂದಿ ಪರೀಕ್ಷೆ ಕಟ್ಟಿದವಳು ಅಂತ ಕಾಪುವಿನವರು ಯಾರೋ ಹೇಳಿದ್ದರು. ನಿನಗೆ ಗೊತ್ತಿತ್ತು ಅಲ್ವಾ?"

"ಇಲ್ಲ ಅಕ್ಕ," ಎಂದೆ.

ಅವಳು ತಲೆಯಾಡಿಸಿ ಇಳಿದುಹೋದಳು. ಬಸ್ಸು ಹೊರಟ ಮೇಲೆ ನನಗೆ ನನ್ನ ಮೇಲೇ ಅಸಹ್ಯವಾಯಿತು. ನಾಳೆ ಹೇಳುತ್ತೇನೆ ಎಂದುಕೊಂಡೆ. ಮರುದಿನ ಸಾವಿರದೈನೂರು ಫಾರಂ ಇತ್ತು.

ಆಮೇಲೆಯೂ ಅಕ್ಕ ಅರ್ಥ ಹೇಳುತ್ತಿದ್ದಳು, ಕೇಳಿದರೆ. "ಬಾ ಅಂತ ಹೇಳಿದಳು. ಅವನು ಬರುವುದಿಲ್ಲ ಅಂತ ಹೇಳಿದ." ಅಷ್ಟೆ, ಒಂದು ಶಬ್ದ ಹೆಚ್ಚಿಲ್ಲ, ಕಡಿಮೆ ಇಲ್ಲ. ಹೊಲಿಗೆ ಮೇಜಿನವರು ಕಿವಿ ಕೊಡುವುದನ್ನು ಬಿಟ್ಟರು. ಹುಡುಗಿ ಮತ್ತೆ ಕೂತಲ್ಲೇ ನಿದ್ದೆ ಮಾಡತೊಡಗಿದಳು. ಧಾರಾವಾಹಿ ಮುಗಿದ ದಿನ ಪಟ್ಟಿಯಲ್ಲಿ ಯಾವುದು ಗೆದ್ದಿತೆಂದು ಯಾರೂ ಕೇಳಲಿಲ್ಲ. ಮರುವರ್ಷ ಮಡಿಸುವ ಯಂತ್ರ ಬಂತು, ನಮ್ಮನ್ನು ಬೇರೆ ಬೇರೆ ವಿಭಾಗಕ್ಕೆ ಹಂಚಿದರು. ಅಕ್ಕನನ್ನು ಅಂಟು ಹಾಕುವಲ್ಲಿಗೆ ಕಳಿಸಿದರು. ಕಣ್ಣು ಸಾಲದೆಂದು ಸ್ವಲ್ಪ ದಿನದಲ್ಲಿ ಕೆಲಸ ಬಿಟ್ಟಳು. ಹೇಳಬೇಕಾದದ್ದನ್ನು ನಾನು ಹೇಳಲೇ ಇಲ್ಲ.

ಆ ಹಾಳೆ ಈಗಲೂ ನನ್ನ ಹತ್ತಿರ ಉಂಟು, ಮೂರು ಸಲ ಮಡಿಸಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಕೆಂಪು ಗೆರೆ ಸ್ಕೇಲು ಇಟ್ಟು ಎಳೆದದ್ದು, ಒಂದಿಷ್ಟೂ ಓರೆಯಿಲ್ಲ. ಅದರ ಅಡಿಯ ಅಕ್ಷರಗಳು ಇನ್ನೂ ಓದಲು ಬರುತ್ತವೆ. ಕೆಳಗಿನ ಒಂಬತ್ತು ಸಾಲುಗಳನ್ನು ಎಷ್ಟು ಸಲ ಓದಿದರೂ, ಅಲ್ಲಿ ಯಾರು ಯಾರಿಗೆ ಏನು ಹೇಳಿದ್ದರೆಂದು ನನಗೆ ಒಂದೂ ನೆನಪಾಗುವುದಿಲ್ಲ.