ಉಳಿದ ಹೊಗೆ ಕಾಶಿಗೆ

ನಿನ್ನೆ ಸಂಜೆ ಮೊಮ್ಮಗಳಿಗೆ ದೃಷ್ಟಿ ತೆಗೆದೆ. ಒಣಮೆಣಸು, ಕಲ್ಲುಪ್ಪು ಮುಷ್ಟಿಯಲ್ಲಿ ಹಿಡಿದು ತೊಟ್ಟಿಲಿಗೆ ನಿವಾಳಿಸಿ ಒಲೆಗೆ ಹಾಕಿದ್ದೇ ತಡ, ಮನೆಯಿಡೀ ಘಾಟು. ಅಳಿಯ ಕೆಮ್ಮುತ್ತ ಅಂಗಳಕ್ಕೆ ಓಡಿದ. ಮಗಳು ತೊಟ್ಟಿಲಿನ ಮೇಲೆ ಸೆರಗು ಹಿಡಿದು, "ಅವ್ವಾ, ನೀನು ದೃಷ್ಟಿ ತೆಗೆಯೋದಾ, ಉಸಿರು ತೆಗೆಯೋದಾ?" ಎಂದು ರೇಗಿದಳು. ಘಾಟು ಬಂದರೆ ದೃಷ್ಟಿ ತಾಗಿಲ್ಲ ಅಂತಲೋ, ತಾಗಿದ್ದು ಸುಟ್ಟುಹೋಯಿತು ಅಂತಲೋ, ನನಗೆ ಈ ವಯಸ್ಸಿಗೂ ಸರಿಯಾಗಿ ಗೊತ್ತಿಲ್ಲ. ಎರಡೂ ಒಳ್ಳೆಯದೇ ಅಂದುಕೊಂಡು ನಾನೊಬ್ಬಳೇ ಒಲೆಯ ಮುಂದೆ ಕೂತು ಕಣ್ಣೀರು ಸುರಿಸುತ್ತ ನಕ್ಕೆ.

ನಗದೆ ಏನು ಮಾಡಲಿ ಹೇಳಿ? ಮಗಳ ಮದುವೆಯಾಗಿ ಎಷ್ಟೋ ವರ್ಷ ಕಾದ ಮೇಲೆ ಬಂದ ಕೂಸು. ಈ ಸುದ್ದಿಯನ್ನು ನಾನು ಸಂಪಾಜೆಯಲ್ಲಿ ಹೇಳದ ಜನ ಉಳಿದಿಲ್ಲ. ಮಡಿಕೇರಿ ಬಸ್ಸಿನ ಕಂಡಕ್ಟರನಿಗೂ ಹೇಳಿದ್ದೇನೆ. ಅವನು ಟಿಕೆಟ್ಟು ಹರಿದು ಕೊಡುವುದರೊಳಗೆ ಮಗುವಿನ ತೂಕ, ಬಣ್ಣ, ಕಿವಿಯ ಹಿಂದಿನ ಮಚ್ಚೆ ಎಲ್ಲ ಹೇಳಿ ಮುಗಿಸಿದ್ದೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಹೀಗೆ ಬರೆಯಲು ಕೂತದ್ದೂ ಆ ಸಂತೋಷ ಹೊಟ್ಟೆಯಲ್ಲಿ ನಿಲ್ಲದೇ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಆದರೆ ಆ ಘಾಟು ನನ್ನನ್ನು ಬೇರೆಲ್ಲಿಗೋ ಕರೆದುಕೊಂಡು ಹೋಯಿತು. ಅದಕ್ಕೆ ಅಳಿಯನೂ ಸ್ವಲ್ಪ ಕಾರಣ. ಅವನು ಮಾಸ್ಟ್ರು, ಪೇಪರಿನಲ್ಲಿ ಬಂದದ್ದನ್ನು ನನಗೆ ಓದಿ ಹೇಳದಿದ್ದರೆ ಅವನಿಗೆ ಕಾಫಿ ಇಳಿಯುವುದಿಲ್ಲ. ನಿನ್ನೆ ಬೆಳಿಗ್ಗೆ ಓದಿದ: ಲೋಕದಲ್ಲೇ ಉದ್ದದ ಗುಹೆ ಅಮೆರಿಕದಲ್ಲಿ ಉಂಟಂತೆ. ಅದರ ಪಕ್ಕದ ಗುಡ್ಡದಲ್ಲಿ ಇನ್ನೊಂದು ದೊಡ್ಡ ಗುಹೆ ಇತ್ತಂತೆ, ಇಷ್ಟು ಕಾಲ ಎಲ್ಲರೂ ಅವೆರಡು ಬೇರೆ ಬೇರೆ ಅಂದುಕೊಂಡಿದ್ದರಂತೆ. ಈಗ ಯಾರೋ ಒಳಗೊಳಗೇ ತೆವಳಿಕೊಂಡು ಹೋಗಿ ಎರಡೂ ಒಂದೇ ಅಂತ ಕಂಡುಹಿಡಿದರಂತೆ.

"ಹಾಗಾದರೆ ಅದರ ಕೊನೆ ಸಿಕ್ಕಿತಾ?" ಎಂದು ಕೇಳಿದೆ.

"ಇಲ್ಲ ಅತ್ತೆ, ಇನ್ನೂ ಅಳೀತಾ ಇದ್ದಾರಂತೆ."

ಇದೇ ಪ್ರಶ್ನೆಯನ್ನು ಇದೇ ಗುಹೆಯ ಬಗ್ಗೆ ನನ್ನ ಅಜ್ಜಿ ಕೇಳಿದ್ದಳು. ಆಗ ಬಿಳಿಯರ ರಾಜ್ಯ. ನಾನು ಲಂಗ ಎತ್ತಿಕಟ್ಟಿಕೊಂಡು ಗುಡ್ಡ ಹತ್ತುವ ಹುಡುಗಿ.

ನಮ್ಮ ಮನೆ ಘಾಟಿಯ ಮೇಲ್ಬದಿಗಿತ್ತು. ಹಿಂದಿನ ಗುಡ್ಡದಲ್ಲಿ ಒಂದು ಗವಿ. ಬಾಯಿ ಎಷ್ಟು ಸಣ್ಣದೆಂದರೆ ದೊಡ್ಡವರು ಮೊಣಕಾಲೂರಿ ತಲೆ ತೂರಿಸಬಹುದು, ಅಷ್ಟೇ. ಅದು ಕಾಶಿಗೆ ಹೋಗುತ್ತದೆ ಅಂತ ಊರೆಲ್ಲ ಹೇಳುತ್ತಿತ್ತು. ಯಾರೂ ಹೋಗಿ ನೋಡಿದವರಲ್ಲ. ನೋಡದ್ದರಿಂದಲೇ ಯಾರಿಗೂ ಸಂಶಯವಿರಲಿಲ್ಲ. ನೀವೂ ನಿಮ್ಮ ಊರಿನ ಗವಿಯನ್ನು ನೆನಪು ಮಾಡಿಕೊಳ್ಳಿ, ಅದೂ ಕಾಶಿಗೇ ಹೋಗುತ್ತಿರಬೇಕು. ಇಷ್ಟು ಗವಿಗಳು ಬಂದು ಸೇರುವ ಕಾಶಿಯಲ್ಲಿ ನೆಲ ಹೇಗೆ ನಿಂತಿದೆಯೋ!

ಅಜ್ಜಿಗೆ ಅದು ಬರೀ ಕಥೆಯಲ್ಲ. ಅವಳಿಗೊಬ್ಬ ತಮ್ಮನಿದ್ದ, ಕುಶಾಲಪ್ಪ ಅಂತ. ಅಪ್ಪ ಅವ್ವ ಬೇಗ ತೀರಿಕೊಂಡದ್ದರಿಂದ ಇವಳೇ ಸಾಕಿದ್ದು. ಒಂದು ದಿನ ಏನೋ ಮಾತಿಗೆ ಮಾತು ಬೆಳೆದು ಅವನು ಬಡಿಸಿದ ಎಲೆಯಿಂದ ಎದ್ದು ಹೋದ. ಭಾಗಮಂಡಲದಲ್ಲಿ ತೀರ್ಥಕ್ಕೆ ಬಂದ ಬೈರಾಗಿಗಳ ಗುಂಪು ಸೇರಿಕೊಂಡು ಕಾಶಿಗೆ ಹೊರಟ ಅಂತ ಯಾರೋ ಬಂದು ಹೇಳಿದರು. ಅಷ್ಟೇ. ಮತ್ತೆ ಅವನ ಸುದ್ದಿಯಿಲ್ಲ. ಹೋದದ್ದಕ್ಕಿಂತ ಅಜ್ಜಿಗೆ ಅವನು ಉಣ್ಣದೆ ಹೋದದ್ದೇ ಸಂಕಟ. "ಕೈ ತೊಳೆದು ಹೋಗಿದ್ದರೆ ಹೋಗಲಿ ಅನ್ನಬಹುದಿತ್ತು, ಎಲೆ ಮುಂದೆ ಇಟ್ಟುಕೊಂಡು ಎದ್ದು ಹೋದನಲ್ಲಾ" ಅನ್ನುತ್ತಿದ್ದಳು.

ಹಾಗಾಗಿ ಸೋಮವಾರ ಸೋಮವಾರ ಮಧ್ಯಾಹ್ನದ ಊಟ ಆದ ಮೇಲೆ ಬಾಳೆಲೆಯಲ್ಲಿ ಒಂದು ಮುದ್ದೆ ಅನ್ನ ಕಟ್ಟಿಕೊಂಡು ಗವಿಗೆ ಹೋಗುವಳು. ಜೊತೆಗೆ ನಾನು. ಅನ್ನವನ್ನು ಒಳಗೆ ತಳ್ಳಿ, ತಲೆ ತೂರಿಸಿ, ಕೂಗಿ ಹೇಳುವಳು. ಅವಳು ಹೇಳುತ್ತಿದ್ದದ್ದು ನಮ್ಮ ಅರೆಭಾಷೆಯಲ್ಲಿ, ಎಲ್ಲರಿಗೂ ತಿಳಿಯಲಿ ಅಂತ ನಾನು ಬಿಡಿಸಿ ಬರೆಯುತ್ತಿದ್ದೇನೆ. "ಕುಶಾಲೂ, ಕೆಂದ ದನ ಕರು ಹಾಕಿತು. ಮೇಲಿನ ಗದ್ದೆಗೆ ಹಂದಿ ಬಿದ್ದಿತ್ತು. ನನ್ನ ಮೊಣಕಾಲು ನೋವು ಹಾಗೇ ಉಂಟು." ಕೊನೆಗೆ ಒಂದೇ ಪ್ರಶ್ನೆ. "ಊಟ ಆಯ್ತಾ ತಮ್ಮಾ?"

ಆಮೇಲೆ ಒಳಗಿನಿಂದ, ಬಹಳ ದೂರದಿಂದ, "ಹೂಂ..."

ನಾನೂ ನನ್ನ ಕಿವಿಯಿಂದ ಕೇಳಿದ್ದೇನೆ. ಅಜ್ಜಿ ತಲೆ ಹೊರಗೆ ತೆಗೆದು ಕೂದಲಿನ ಮಣ್ಣು ಕೊಡವಿ, "ಉಂಡಿದ್ದಾನಂತೆ" ಎಂದು ನನಗೆ ಹೇಳಿ, ಗುಡ್ಡ ಇಳಿಯುವಾಗ ಮೊಣಕಾಲು ನೋವನ್ನೇ ಮರೆತು ಮುಂದೆ ಮುಂದೆ ನಡೆಯುವಳು. ಆ ಒಂದು ಹೂಂಕಾರದ ಮೇಲೆ ಅವಳ ಇಡೀ ವಾರ ನಡೆಯುತ್ತಿತ್ತು.

ಕೆಳಗಿನ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಆಗಾಗ ನಮ್ಮ ಜಗಲಿಗೆ ಎಲೆಅಡಿಕೆಗೆ ಬರುತ್ತಿದ್ದರು. ದೊರೆಯ ಬಂಗಲೆಗೆ ಬರುವ ಚಿತ್ರದ ಪೇಪರು ನೋಡುವ ಜನ. ಅವರೇ ಅಮೆರಿಕದ ಗುಹೆಯ ಸುದ್ದಿ ತಂದದ್ದು. "ಅಜ್ಜೀ, ನಿಮ್ಮ ಗವಿ ಎಂಥದ್ದು! ಅಲ್ಲಿಯದ್ದು ಲೋಕಕ್ಕೇ ಉದ್ದ. ಒಳಗೇ ಹೊಳೆ ಹರೀತದೆ, ಆ ಹೊಳೆಯಲ್ಲಿ ದೋಣಿ ಹೋಗ್ತದೆ, ಅದರಲ್ಲಿರುವ ಮೀನಿಗೆ ಕಣ್ಣೇ ಇಲ್ಲ."

ಅಜ್ಜಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದಳು. "ಅದರ ಕೊನೆ ನೋಡಿದ್ದು ಯಾರು?"

"ಕೊನೆ ಯಾರೂ ನೋಡ್ಲಿಲ್ಲಂತೆ."

"ಹಾಗಾದರೆ ಅದೂ ಕಾಶಿಗೇ ಹೋಗೋದು" ಎಂದು ಅಜ್ಜಿ ಮತ್ತೆ ಅಡಿಕೆ ಕತ್ತರಿಸಿದಳು. ರೈಟರು ಬಾಯಿ ತೆರೆದವರು ಎಲೆ ಹಾಕಿಕೊಂಡು ಮುಚ್ಚಿದರು.

ಆ ವರ್ಷ ಮುಳ್ಳುಹಂದಿಯ ಕಾಟ ಸುರುವಾಯಿತು. ಗೆಣಸಿನ ಸಾಲು, ಕೆಸುವಿನ ಗಡ್ಡೆ, ಒಂದನ್ನೂ ಬಿಡಲಿಲ್ಲ. ಅಪ್ಪ ಮುಳ್ಳು ಬಿದ್ದ ದಾರಿ ಹಿಡಿದು ಹೋದರೆ ಅದು ಗವಿಯ ಬಾಯಿಗೇ ಹೋಗಿ ನಿಂತಿತು. ಬಿಲದ ಪ್ರಾಣಿಯನ್ನು ಹೊರಡಿಸಲು ನಮ್ಮಲ್ಲಿ ಒಂದೇ ಉಪಾಯ: ಬಾಯಿಗೆ ಹುಲ್ಲು, ಹಸಿಸೊಪ್ಪು, ಒಣಮೆಣಸು ತುರುಕಿ ಬೆಂಕಿ ಕೊಟ್ಟು ಗೆರಸೆಯಿಂದ ಬೀಸುವುದು.

ಅಜ್ಜಿ ಅಡ್ಡ ನಿಂತಳು. "ಕಾಶಿಯ ಬಾಗಿಲಿಗೆ ಮೆಣಸಿನ ಹೊಗೆ ಹಾಕ್ತೀಯಾ? ಒಳಗೆ ನಿನ್ನ ಮಾವ ಇದ್ದಾನೆ."

"ಕಾಶಿಯ ಬಾಗಿಲಲ್ಲಿ ಮುಳ್ಳುಹಂದಿ ಕೂತಿದೆ, ಅವ್ವಾ. ನೀನು ಮಾವನಿಗೆ ಇಟ್ಟ ಅನ್ನ ತಿಂದು ತಿಂದೇ ಅದು ನಮ್ಮ ಮನೆಯ ರುಚಿ ಕಲಿತದ್ದು. ಒಂದು ಗಳಿಗೆ, ಮಾವ ಕೆಮ್ಮಿದರೆ ಕೆಮ್ಮಲಿ."

ಅಪ್ಪ ಕೋವಿ ಹಿಡಿದು ಕೂತರು, ಆಳುಗಳು ಬೀಸಿದರು. ಹೊಗೆ ಗವಿಗೆ ಹೇಗೆ ಹೋಯಿತೆಂದರೆ, ಯಾರೋ ಒಳಗಿನಿಂದ ಎಳೆದುಕೊಂಡ ಹಾಗೆ. ಮೆಣಸಿನ ಮೂಟೆಯೇ ಖಾಲಿಯಾಯಿತು. ಮುಳ್ಳುಹಂದಿ ಬರಲಿಲ್ಲ. ಅಜ್ಜಿ ದೂರದ ಕಲ್ಲಿನ ಮೇಲೆ ಕೂತು, ಕಿವಿ ಗವಿಯ ಕಡೆಗಿಟ್ಟು, ಯಾರಾದರೂ ಕೆಮ್ಮುತ್ತಾರೋ ಅಂತ ಕೇಳುತ್ತಿದ್ದಳು.

ಕೆಮ್ಮಿದವರು ಸಂಜೆಗೆ ಕಾಲ್ನಡೆಯಲ್ಲಿ ಬಂದರು. ಗುಡ್ಡದ ಆ ಬದಿಯ ಊರಿನವರು. ನಮಗೂ ಅವರಿಗೂ ಹೋಗಿ ಬರುವ ಬಳಕೆಯಿರಲಿಲ್ಲ, ನಡುವಿನ ಕಾಡು ಸುತ್ತಿ ಬರಬೇಕು. ಮುಂದೆ ಕೋಲು ಹಿಡಿದ ಒಬ್ಬ ಗಂಡಸು, ಹಿಂದೆ ಅವನ ತಾಯಿ ಚೋಮಕ್ಕ, ಅಜ್ಜಿಯ ಓರಗೆಯವಳು. ಇಬ್ಬರ ಕಣ್ಣೂ ಕೆಂಡ.

"ಮೆಣಸು ಸುಟ್ಟವರು ಯಾರು?" ಎಂದ ಆ ಮಗ.

"ನಾವು. ಮುಳ್ಳುಹಂದಿಗೆ" ಎಂದರು ಅಪ್ಪ.

"ಮುಳ್ಳುಹಂದಿಗಾ! ನಮ್ಮ ಹಟ್ಟಿಯ ಹಿಂದಿನ ಬಿಲದಲ್ಲಿ ಹೊಗೆ ಎದ್ದು ದನ ಎಲ್ಲ ಹಗ್ಗ ಕಿತ್ತುಕೊಂಡು ಓಡಿದವು. ನಮ್ಮವ್ವ, ದೇವಿಗೆ ಕೋಪ ಬಂತು ಅಂತ ಕೋಳಿ ಹರಕೆ ಬೇರೆ ಹೊತ್ತಾಯ್ತು. ಆ ಕೋಳಿ ಈಗ ಯಾರದ್ದು, ನಿಮ್ಮದಾ?"

ಅಪ್ಪನಿಗೆ ನಗು ಬಂತು. "ಯಾವ ದೇವಿ ಮಾರಾಯ?"

ಚೋಮಕ್ಕ ಸೆರಗಿನಿಂದ ಕಣ್ಣೊರೆಸುತ್ತ ಹೇಳಿದಳು. ಅವಳು ದನ ಕಾಯುತ್ತ ಆ ಬಿಲದ ಹತ್ತಿರ ಕೂರುವ ವಾಡಿಕೆ. ಸೋಮವಾರ ಮಧ್ಯಾಹ್ನ ನೆಲದೊಳಗಿಂದ ಹೆಣ್ಣು ದನಿ ಬರುತ್ತಿತ್ತು. ಮಾತು ತಿಳಿಯದು, ಗುಂಯ್ ಗುಂಯ್ ಅಂತ ಏನೋ ಹೇಳಿ ಕೊನೆಗೆ ಏನೋ ಕೇಳಿದ ಹಾಗೆ. ಇವಳು ಅಲ್ಲಿ ದೀಪ ಇಡಲು ಸುರುಮಾಡಿದಳು.

"ನೀನೇನು ಮಾಡ್ತಿದ್ದೆ?" ಅಜ್ಜಿ ಕೇಳಿದಳು.

"ನಾನೇನು ಮಾಡ್ಲಿ ಅಕ್ಕಾ? ದೇವರು ಕೇಳುವಾಗ ಉಹೂಂ ಅನ್ನೋಕಾಗ್ತದಾ? ಹೂಂ ಅಂತಿದ್ದೆ."

ಅಪ್ಪನ ನಗು ಎಲ್ಲಿ ಹೋಯಿತೋ. ಅಜ್ಜಿ ಅಂಗಳದಲ್ಲೇ ಕುಳಿತುಬಿಟ್ಟಳು. "ಅವನು ಉಂಡಿದ್ದಾನೆ ಅಂತ ಇಷ್ಟು ದಿನ ಹೇಳಿದ್ದು ನೀನಾ?"

ಯಾರು ಉಂಡದ್ದು, ಎಲ್ಲಿ, ಏನು ಎಂದು ಚೋಮಕ್ಕನಿಗೆ ಹೇಗೆ ಗೊತ್ತಾಗಬೇಕು? ಅಪ್ಪ ತಗ್ಗಿದ ದನಿಯಲ್ಲಿ ಹೇಳಿದರು. ಕೇಳುತ್ತ ಕೇಳುತ್ತ ಅವಳ ಕೆಂಪು ಕಣ್ಣು ಮತ್ತೆ ತುಂಬಿತು, ಈ ಸಲ ಮೆಣಸಿನಿಂದಲ್ಲ. ಅಜ್ಜಿಯ ಪಕ್ಕ ಕೂತು, ಪಾಪ, ಅವಳಿಗೆ ತೋಚಿದ್ದನ್ನು ಹೇಳಿದಳು. "ಅಕ್ಕಾ, ನಾನು ಊಟ ಮಾಡಿಯೇ ಅಲ್ಲಿ ಕೂರುತ್ತಿದ್ದದ್ದು. ಒಂದು ದಿನವೂ ಹಸಿದು ಹೂಂ ಅಂದಿಲ್ಲ. ಸುಳ್ಳು ಹೇಳಿದ ಹಾಗೆ ಆಗ್ಲಿಲ್ಲ."

ಅಜ್ಜಿ ಅವತ್ತು ಊಟ ಮಾಡಲಿಲ್ಲ. ಆಮೇಲಿನ ಸೋಮವಾರ ಅನ್ನ ಕಟ್ಟಲಿಲ್ಲ. ನನಗೋ ಗಲಿಬಿಲಿ. ಕಾಶಿ ಅಂದರೆ ಗುಡ್ಡದ ಆ ಬದಿಯ ದನದ ಹಟ್ಟಿಯಾ? ಹಾಗಾದರೆ ನಮ್ಮ ಗವಿಯ ಉದ್ದ ಅಷ್ಟೇನಾ? ರೈಟರ ಹತ್ತಿರ ಕೇಳಿದರೆ ಅವರು, "ಅಷ್ಟೇ ಉದ್ದ. ಪಾಪ, ಅಜ್ಜಿಯ ಮುಂದೆ ಹೇಳಬೇಡ" ಎಂದರು.

ಆದರೆ ಒಂದು ಬೆಳಿಗ್ಗೆ ಅಜ್ಜಿ ಒಲೆಗೆ ಸೌದೆ ಒಟ್ಟುತ್ತಿದ್ದವಳು ತಿರುಗಿ ಅಪ್ಪನನ್ನು ಕೇಳಿದಳು. "ನೀನು ಒಂದು ಮೂಟೆ ಮೆಣಸು ಸುಟ್ಟೆಯಲ್ಲ, ಅವರ ಹಟ್ಟಿಯಲ್ಲಿ ಎಷ್ಟು ಹೊಗೆ ಬಂತು?"

"ದನ ಓಡುವಷ್ಟು."

"ದನ ಓಡೋಕೆ ಒಂದು ಮುಷ್ಟಿ ಸಾಕು. ಉಳಿದ ಹೊಗೆ ಎಲ್ಲಿಗೆ ಹೋಯ್ತು?"

ಅಪ್ಪ ಕಾಫಿಯ ಲೋಟ ಕೈಗೆತ್ತಿಕೊಂಡರು.

"ಮುಳ್ಳುಹಂದಿ ಈ ಬದಿಗೂ ಬರಲಿಲ್ಲ, ಅವರ ಬದಿಗೂ ಬರಲಿಲ್ಲ. ಅದೆಲ್ಲಿಗೆ ಹೋಯ್ತು?"

ಅಪ್ಪ ಕಾಫಿ ಕುಡಿದು ಎದ್ದು ಹೋದರು. ಅಜ್ಜಿ ಅಕ್ಕಿ ತೊಳೆಯಲು ಹೊರಟಳು. ಮುಂದಿನ ಸೋಮವಾರ ನಾವು ಮತ್ತೆ ಗವಿಯ ಮುಂದಿದ್ದೆವು. ಈಗ ಹೂಂ ಅನ್ನುವುದು ಚೋಮಕ್ಕ ಅಂತ ಅಜ್ಜಿಗೂ ಗೊತ್ತು, ಕೂಗುವುದು ಯಾರು ಅಂತ ಚೋಮಕ್ಕನಿಗೂ ಗೊತ್ತು. ಆದರೂ ಅಜ್ಜಿ ಕುಶಾಲನನ್ನೇ ಕರೆದಳು. "ಅವಳ ಹೂಂ ಅವಳದ್ದು, ಅದರ ಹಿಂದೆ ಇನ್ನೊಂದು ಇರಬಹುದಲ್ಲ" ಎಂದಳು. ಚೋಮಕ್ಕನೂ ದೀಪ ಇಡುವುದನ್ನು ಬಿಡಲಿಲ್ಲ. ಯಾಕೆ ಅಂತ ಕೇಳಿದ ಮಗನಿಗೆ, "ಅಭ್ಯಾಸ ಆಯ್ತು" ಎಂದಳಂತೆ.

ಇನ್ನು ಹೇಳಬೇಕಾದ್ದನ್ನು ಹೇಗೆ ಹೇಳುವುದೋ ನನಗೆ ತಿಳಿಯದು. ಸುಗ್ಗಿ ಮುಗಿದ ಮೇಲೆ ಚೋಮಕ್ಕ ಹರಕೆಯ ಕೋಳಿಯ ಮಾಂಸದ ಪಾಲು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಬಂದದ್ದು ಸೋಮವಾರ. ಮೂವರೂ ಗವಿಗೆ ಹೋದೆವು. ಕೂಗುವ ಬದಿ ಹೇಗಿದೆ ಅಂತ ನೋಡುವ ಆಸೆ ಅವಳಿಗೆ. ಅಜ್ಜಿ ಎಂದಿನಂತೆ ಸುದ್ದಿಯೆಲ್ಲ ಹೇಳಿ, "ಊಟ ಆಯ್ತಾ ತಮ್ಮಾ?" ಎಂದಳು.

"ಹೂಂ..."

ನಾನು ಚೋಮಕ್ಕನ ಬಾಯಿ ನೋಡಿದೆ. ಅದು ತೆರೆದಿತ್ತು, ಆದರೆ ದನಿ ಅಲ್ಲಿಂದ ಬಂದದ್ದಲ್ಲ.

"ನಿನ್ನ ಸೊಸೆ ಇರಬೇಕು" ಎಂದಳು ಅಜ್ಜಿ, ಪಿಸುದನಿಯಲ್ಲಿ.

"ಸೊಸೆ ತವರಿಗೆ ಹೋಗಿದ್ದಾಳೆ."

"ಮಗ?"

"ಅವನು ಅವಳನ್ನು ಬಿಟ್ಟು ಬರೋಕೆ ಹೋದದ್ದು."

ಇಬ್ಬರು ಮುದುಕಿಯರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಬಹಳ ಹೊತ್ತು ಅಲ್ಲೇ ಕೂತಿದ್ದರು. ಮತ್ತೆ ಕೂಗಿ ನೋಡಿ ಅಂತ ನಾನು ಕುಣಿದೆ. ಅಜ್ಜಿ ಕೂಗಲಿಲ್ಲ. "ಉಂಡವನನ್ನು ಮತ್ತೆ ಮತ್ತೆ ಕೇಳಬಾರದು" ಎಂದಳು.

ಗಾಳಿಯೋ, ದಾರಿಯಲ್ಲಿ ಹೋಗುವ ಯಾರಾದರೂ ದನಗಾಹಿಯೋ, ಅಜ್ಜಿಯ ದನಿಯೇ ಎಲ್ಲಿಗೋ ಹೋಗಿ ತಿರುಗಿ ಬಂತೋ, ಇಷ್ಟು ವರ್ಷ ನಾನು ತಲೆ ಕೆಡಿಸಿಕೊಂಡಿದ್ದೇನೆ. ಮಾಸ್ಟ್ರ ಅತ್ತೆಯಾದ ಮೇಲಾದರೂ ಬುದ್ಧಿ ಬರಬೇಕಿತ್ತು, ಬರಲಿಲ್ಲ. ಅಳಿಯನಿಗೆ ಎಲ್ಲ ಹೇಳಿ, ಹೀಗೂ ಉಂಟಾ ಎಂದು ಒಂದೇ ಸಲ ಕೇಳಿಬಿಡೋಣ ಅಂತ ನಿನ್ನೆ ಬೆಳಿಗ್ಗೆಯಿಂದ ಕಾಯುತ್ತಿದ್ದೆ.

ಸಂಜೆ ಘಾಟು ಇಳಿದ ಮೇಲೆ ಮಗಳು ಮೀಯಲು ಹೋದಳು. ಅಳಿಯ ಇನ್ನೂ ಅಂಗಳದಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದ. ಹೊಗೆಯ ಒಂದು ಎಳೆ ಮಾಡಿನ ಹಂಚಿನ ಸಂದಿಯಲ್ಲಿ ನುಸುಳಿಕೊಂಡು ಹೋಗುವುದನ್ನು ನಾನು ನೋಡುತ್ತ ಕೂತಿದ್ದೆ. ತೊಟ್ಟಿಲಿನಿಂದ ಒಂದು ದನಿ ಬಂತು. ಅಳು ಅಲ್ಲ. ನಮ್ಮ ಕೂಸು ಈಚೆಗೆ ಕಲಿತ ಉದ್ದನೆಯ ದನಿ. ಗುಂಯ್ ಎಂದು ಎಲ್ಲಿಂದಲೋ ಎದ್ದು, ಏನೇನೋ ಹೇಳಿ, ಕೊನೆಗೆ ಮೇಲಕ್ಕೆ ಎಳೆದು ನಿಲ್ಲಿಸಿತು, ಏನೋ ಕೇಳಿದ ಹಾಗೆ. ಆಮೇಲೆ ನನ್ನನ್ನೇ ನೋಡುತ್ತ ಕಾಯಿತು.

ಅಳಿಯ ಬಾಗಿಲಲ್ಲಿ ತಲೆ ಹಾಕಿ, "ಏನೋ ಕೇಳಬೇಕು ಅಂದಿದ್ದಿರಲ್ಲ ಅತ್ತೆ?" ಎಂದ.

ಸುಮ್ಮನಿರು ಅಂತ ಅವನಿಗೆ ಕೈಸನ್ನೆ ಮಾಡಿ, ತೊಟ್ಟಿಲಿನೊಳಗೆ ತಲೆ ತೂರಿಸಿ, ನಾನು "ಹೂಂ" ಎಂದೆ.