ಎರಡನೇ ಲಿವರ್

ಗೇರಕ್ಕ ಎಂಬ ಹೆಸರು ಅವಳಿಗೆ ಕಲ್ಲುಕ್ವಾರಿಯ ಮಕ್ಕಳು ಇಟ್ಟದ್ದು. ಕೊನೆಯ ಏರಿನಲ್ಲಿ ಜೀಪು ಗೇರು ಬದಲಿಸಿದ ಸದ್ದು ಕೇಳಿದರೆ ಸಾಕು, ಸೂಜಿ ಬಂತೆಂದು ಅವರು ಮಂಚದಡಿ ಸೇರುತ್ತಿದ್ದರು. ವಾರಕ್ಕೆರಡು ಸಲ ನರ್ಸನ್ನೂ ಲಸಿಕೆಯ ಪೆಟ್ಟಿಗೆಯನ್ನೂ ಗುಡ್ಡದ ಮೇಲಿನ ಕೂಲಿಮನೆಗಳಿಗೆ ಮುಟ್ಟಿಸುವುದು ಅವಳ ಕೆಲಸ. ಮೊದಲು ಅದು ಅವಳ ಗಂಡನದಾಗಿತ್ತು. ಸಕ್ಕರೆ ಕಾಯಿಲೆಯಿಂದ ಅವನ ಎರಡೂ ಕಣ್ಣು ಹೋದ ವರ್ಷ ಅವಳು ಸ್ಟಿಯರಿಂಗ್ ಹಿಡಿದಳು. ಆಗ ಅವಳಿಗೆ ನಲವತ್ತೈದು. ಜೀಪು ಮೂರು ಲಕ್ಷ ಕಿಲೋಮೀಟರು ದಾಟಿತ್ತು.

ಆ ಜೀಪಿನಲ್ಲಿ ಗೇರಿನ ಪಕ್ಕ ಇನ್ನೊಂದು ಗಿಡ್ಡ ಲಿವರ್ ಇದೆ. ಅದನ್ನೆಳೆದರೆ ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಸಿಗುತ್ತದೆ. ಕ್ವಾರಿಯ ಸಡಿಲ ಜಲ್ಲಿಯ ಮೇಲೆ ಅದಿಲ್ಲದೆ ಗತಿಯಿಲ್ಲ. ಒಂದು ಬೆಳಿಗ್ಗೆ ಅರ್ಧ ಏರಿನಲ್ಲಿ ಲಿವರ್ ತಾನಾಗಿ ಜಾರಿತು. ಹಿಂದಿನ ಚಕ್ರಗಳು ಕಲ್ಲೆರಚುತ್ತ ನಿಂತಲ್ಲೇ ತಿರುಗಿದವು. ಮೂರು ಸಲ ಹಾಕಿದಳು, ಮೂರು ಸಲವೂ ಜಾರಿತು. ನರ್ಸ್ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ನಡೆದಳು. ಗೇರಕ್ಕ ಹಿಮ್ಮುಖವಾಗಿಯೇ ಜೀಪು ಇಳಿಸಿದಳು.

ಊರಿನ ಮೆಕ್ಯಾನಿಕ್ ಜೀಪಿನಡಿ ಇಣುಕಿದಂತೆ ಮಾಡಿ ಎದ್ದ. "ಒಳಗಿನ ಹಲ್ಲೆಲ್ಲ ಸವೆದಿರುತ್ತೆ. ಪಾರ್ಟು ಸಿಗಲ್ಲ. ಗುಜರಿಗೆ ಹಾಕ್ಬಿಡಿ."

"ಬಿಚ್ಚಿ ನೋಡಿದ್ರಾ?"

"ನೋಡೋದೇನಿದೆ? ವಯಸ್ಸಾಯ್ತು."

"ನನಗೂ ಆಯ್ತು. ನನ್ನನ್ನೂ ಗುಜರಿಗೆ ಹಾಕ್ತೀರಾ? ನೆಗಡಿ ಬಂತು ಅಂತ ಯಾರಾದ್ರೂ ಮೂಗು ಕೊಯ್ಕೋತಾರಾ?"

ಮನೆಯಲ್ಲಿ ಗಂಡನೂ ಮೆಕ್ಯಾನಿಕ್ಕನ ಕಡೆಗೇ. "ಅವನು ಹೇಳೋದು ಸರಿ, ಬಿಡು. ಬಿಚ್ಚಿದ್ರೆ ಮತ್ತೆ ಜೋಡಿಸೋರು ಯಾರು?"

"ಬಿಚ್ಚಿದವಳು."

ಮರುದಿನ ಹಿತ್ತಲ ಶೆಡ್ಡಿನಲ್ಲಿ ಜೀಪನ್ನು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದಳು. ಎಣ್ಣೆ ಬಸಿದು, ಬಲ ಹಂಚುವ ಪೆಟ್ಟಿಗೆಯನ್ನು ಹಳೇ ಟೈರಿನ ಮೇಲೆ ಮೆಲ್ಲಗೆ ಇಳಿಸಿದಳು. ರಟ್ಟಿನ ಮೇಲೆ ಪೆಟ್ಟಿಗೆಯ ಚಿತ್ರ ಬರೆದು, ಯಾವ ಬೋಲ್ಟು ಎಲ್ಲಿಂದ ಬಂತೋ ಅಲ್ಲೇ ತೂತು ಮಾಡಿ ಸಿಕ್ಕಿಸಿದಳು. ಗಂಡ ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದ.

ಮುಚ್ಚಳ ತೆಗೆದು ಒಳಗಿನ ಚಕ್ರಗಳ ಒಂದೊಂದೇ ಹಲ್ಲಿನ ಮೇಲೆ ಬೆರಳಾಡಿಸಿದಳು. ಎಲ್ಲವೂ ಗಟ್ಟಿ. ಲಿವರ್ ಎಳೆದಾಗ ಆ ಹಲ್ಲಿನ ಚಕ್ರಗಳನ್ನು ಆಚೀಚೆ ಸರಿಸುವ, ಎರಡು ಬೆರಳಿನಂಥ ಕವಲು ಮಾತ್ರ ಕೈಗೆ ವಿಚಿತ್ರವೆನಿಸಿತು. ಒರೆಸಿ ಗಂಡನ ಅಂಗೈಗಿಟ್ಟಳು. ಅವನು ತುಂಬ ಹೊತ್ತು ಸವರಿದ.

"ಒಂದು ಬದಿ ತೆಳ್ಳಗಾಗಿದೆ," ಎಂದ. "ಇದು ನಂದೇ ಕೆಲಸ. ಇಪ್ಪತ್ತು ವರ್ಷ ಆ ಲಿವರ್ ಮೇಲೆ ಕೈ ಊರಿಕೊಂಡೇ ಓಡಿಸ್ದೆ. ಹಾಗೆ ಊರಬಾರದು ಅಂತ ಗೊತ್ತಿತ್ತು."

"ನಿಮ್ಮನ್ನ ನೋಡಿ ನಾನೂ ಹಾಗೇ ಕಲಿತೆ. ಪಾಪ ಅರ್ಧರ್ಧ ಹಂಚ್ಕೊಳ್ಳೋಣ. ಈಗ ಇಂಥದ್ದು ಎಲ್ಲಿ ಸಿಗುತ್ತೆ, ಅದು ಹೇಳಿ."

ಅವನು ಮೂರು ಗುಜರಿ ಅಂಗಡಿಗಳ ದಾರಿ ಹೇಳಿದ. ಕವಲು ಮೂರನೆಯದರಲ್ಲಿ, ನೆರೆಯಲ್ಲಿ ಮುಳುಗಿ ಸತ್ತ ಒಂದು ಜೀಪಿನ ಹೊಟ್ಟೆಯಲ್ಲಿ ಸಿಕ್ಕಿತು.

ಎರಡು ದಿನ ಜೋಡಿಸಿದಳು. ಕೊನೆಯ ಬೋಲ್ಟು ಬಿಗಿದು, ಸಣ್ಣ ಭಾಗಗಳನ್ನಿಟ್ಟಿದ್ದ ತಟ್ಟೆ ನೋಡಿದರೆ ಕಡಲೆಕಾಳಿನಷ್ಟು ಒಂದು ಉಕ್ಕಿನ ಗುಂಡು ಉಳಿದಿತ್ತು. ಲಿವರ್ ಜಾರದಂತೆ ತಡೆಯುವ ಗುಂಡು ಅದೇ. ಅವಳ ಕಣ್ಣಲ್ಲಿ ನೀರು ಬಂತು.

"ನಾಳೆ ನೋಡೋಣ," ಎಂದ ಗಂಡ.

"ಇಲ್ಲ. ಈಗ ಕೈ ನೆನಪಿಟ್ಕೊಂಡಿದೆ." ಹಲ್ಲು ಕಚ್ಚಿ ಮತ್ತೆ ಹದಿನಾರು ಬೋಲ್ಟು ಬಿಚ್ಚಿದಳು. ಈ ಬಾರಿ ಅವನು ಕುರ್ಚಿ ಬಿಟ್ಟು ನೆಲಕ್ಕೆ ಬಂದು, ಒಂದೊಂದು ಬೋಲ್ಟನ್ನೂ ಸವರಿ ಅಳತೆ ನೋಡಿ ಕೈಗೆ ಕೊಟ್ಟ.

ಮುಂದಿನ ಲಸಿಕೆಯ ದಿನ ಏರಿನ ಬುಡದಲ್ಲಿ ನರ್ಸ್ ಪೆಟ್ಟಿಗೆ ಎತ್ತಿಕೊಂಡು ಇಳಿಯಲು ಹೊರಟಳು. "ನಾನು ನಡ್ಕೊಂಡೇ ಬರ್ತೀನಿ ಬಿಡಿ."

"ಕೂತ್ಕೊಳ್ಳಿ," ಎಂದಳು ಗೇರಕ್ಕ.

ಲಿವರ್ ಎಳೆದಳು, ಕೂಡಲೇ ಕೈ ತೆಗೆದಳು. ಹಿಂದೆ ಲಿವರ್ ಜಾರಿದ್ದ ಜಾಗದಲ್ಲಿ ಜೀಪು ಒಮ್ಮೆ ನಡುಗಿತು. ಮುಂದಿನ ಚಕ್ರಗಳು ಜಲ್ಲಿಯನ್ನು ಕಚ್ಚಿದವು. ತುದಿ ಮುಟ್ಟುವವರೆಗೂ ನರ್ಸ್ ಪೆಟ್ಟಿಗೆಯನ್ನು ಮಡಿಲಿನಿಂದ ಕೆಳಗಿಡಲಿಲ್ಲ.

ಅದಾಗಿ ಎರಡು ವರ್ಷ. ಮೀಟರು ಇನ್ನೂ ಇಪ್ಪತ್ತು ಸಾವಿರ ಕಿಲೋಮೀಟರು ಏರಿದೆ. ಈಗ ಬಲಗಡೆಯ ಮುಂದಿನ ಚಕ್ರದ ಹಿಂದೆ ಎಣ್ಣೆ ಒಸರುತ್ತಿದೆ. ಭಾನುವಾರ ಅದನ್ನು ಬಿಚ್ಚುವುದೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದಾರೆ.